ಆತಿಥ್ಯ ವಹಿಸುತ್ತೀರಾ ಎಂದು ಕಾಸರಗೋಡನ್ನು ಕೇಳಿದ ಬಗೆ

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಸಮಾವೇಶಗಳು ಊರನ್ನು ಆರಿಸಿಕೊಳ್ಳುವ ಕ್ರಮ ನನಗೆ ಬಹಳ ಇಷ್ಟ. ಸಂಘಟಕರು ಒಂದು ಹೋಟೆಲು ಗೊತ್ತುಮಾಡಿ ಎಲ್ಲರನ್ನೂ ಅಲ್ಲಿಗೆ ಬರಹೇಳುವುದಿಲ್ಲ. ‘ಮುಂದಿನ ಸಲ ನಮ್ಮನ್ನು ಯಾರು ಕರೆಯುತ್ತೀರಿ?’ ಎಂದು ಊರುಗಳನ್ನೇ ಕೇಳುತ್ತಾರೆ. ಮನಸ್ಸಿರುವ ಸ್ಥಳೀಯ ಬಳಗಗಳು ಪ್ರಸ್ತಾವ ಬರೆದು ಕಳುಹಿಸುತ್ತವೆ: ಸಭಾಂಗಣ ಯಾವುದು, ತಲುಪುವುದು ಹೇಗೆ, ಉಳಿದುಕೊಳ್ಳುವುದು ಎಲ್ಲಿ, ಖರ್ಚೆಷ್ಟು, ಹಣ ಎಲ್ಲಿಂದ, ದುಡಿಯುವವರು ಯಾರು. ಕಂಪ್ಯೂಟರನ್ನು ನಡೆಸುವ ಮುಕ್ತ ತಂತ್ರಾಂಶವಾದ ಲಿನಕ್ಸಿನ ಒಂದು ರೂಪ ಡೆಬಿಯನ್; ಆ ಯೋಜನೆಯ ಜಾಗತಿಕ ಸಮಾವೇಶವಾದ ಡೆಬ್‌ಕಾನ್ಫ್ 2023ರ ಸೆಪ್ಟೆಂಬರಿನಲ್ಲಿ ಕೊಚ್ಚಿಗೆ ಬಂದದ್ದು ಹೀಗೆಯೇ. ಭಾರತದಲ್ಲಿ ಅದು ನಡೆದದ್ದು ಅದೇ ಮೊದಲು. ಲಿನಕ್ಸ್ ಪರದೆಯ ಕಿಟಕಿ, ಮೆನುಗಳನ್ನು ರೂಪಿಸುವ ಗ್ನೋಮ್ ಯೋಜನೆಯ ಏಷ್ಯಾ ಸಮಾವೇಶ 2011ರಲ್ಲಿ ಬೆಂಗಳೂರಿಗೆ ಬಂದಿತ್ತು, 2024ರಲ್ಲಿ ಮತ್ತೆ ಬಂತು. ಲಿನಕ್ಸಿನ ಇನ್ನೊಂದು ರೂಪವಾದ ಓಪನ್‌ಸೂಸೆ ಬಳಗದ ಏಷ್ಯಾ ಸಮಾವೇಶ 2014ರಲ್ಲಿ ಬೀಜಿಂಗಿನಲ್ಲಿ ಆರಂಭವಾಗಿ ತೈಪೆ, ಯೋಗ್ಯಕರ್ತ, ಟೋಕಿಯೊ, ಬಾಲಿ ಎಂದು ಊರೂರು ಸುತ್ತಿದೆ. ಕರೆದವರ ಮನೆಗೆ ಹೋಗುವ ಈ ಪದ್ಧತಿಯಿಂದಲೇ ಎಷ್ಟೋ ಊರುಗಳಲ್ಲಿ ಬಳಗಗಳು ಗಟ್ಟಿಯಾಗಿ ಬೇರೂರಿವೆ.

ನಮ್ಮದು ಅಷ್ಟು ದೊಡ್ಡ ಸಮಾವೇಶವಲ್ಲ. ಉತ್ತರ ಕೇರಳ ಮತ್ತು ಕರ್ನಾಟಕ ಕರಾವಳಿಯ ಸ್ವಯಂಸೇವಕರು ಸೇರಿ ನಡೆಸುವ ಎರಡು ದಿನಗಳ ಕೂಟ. ಬರುವವರು ಹೆಚ್ಚೆಂದರೆ 150 ಜನ. ಆತಿಥೇಯರನ್ನು ಆರಿಸುವ ಸಮಿತಿಯಲ್ಲಿ ನಾನೂ ಇದ್ದೇನೆ. ಕೆಲಸ ಮಂಗಳೂರಿನಲ್ಲಿ, ಮನೆ ಬದಿಯಡ್ಕದ ಆಚೆ. ತಂತ್ರಾಂಶಗಳ ಕನ್ನಡ ಅನುವಾದ ನನ್ನ ಸಂಜೆಯ ಕೆಲಸ.

ಈ ಸಲ ಆಹ್ವಾನದ ಕರಡು ಸಿದ್ಧವಾಗುವ ಮೊದಲೇ ನಾನು ಸಮಿತಿಯಲ್ಲಿ ಒಂದು ಮಾತು ಎತ್ತಿದೆ. ದೊಡ್ಡ ಪೇಟೆಗಳನ್ನೇ ಎಷ್ಟು ಸಲ ಕೇಳುವುದು, ಕಾಸರಗೋಡಿನ ಕನ್ನಡ ಊರುಗಳನ್ನೂ ಕೇಳೋಣ ಎಂದೆ. ಸಮಿತಿಯ ಗೆಳೆಯರು ಬೇಡ ಎನ್ನಲಿಲ್ಲ; ‘ಅಲ್ಲಿ ಬಳಗ ಎಲ್ಲಿದೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಪ್ರತಿ ತಿಂಗಳು ಸೇರುವ ಲಿನಕ್ಸ್ ಗುಂಪು, ಅದಕ್ಕೊಂದು ಹೆಸರು, ಒಂದು ಲಾಂಛನ, ನಡೆಸಿದ ಕಾರ್ಯಕ್ರಮಗಳ ಪಟ್ಟಿ, ಇವು ಯಾವುವೂ ನಮ್ಮಲ್ಲಿ ಕಾಣಸಿಗುವುದಿಲ್ಲ.

ಆದರೆ ನಮ್ಮಲ್ಲಿ ಶಾಲೆಗಳಿವೆ. ಕೇರಳ ಸರಕಾರದ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರುಗಳು ಮುಕ್ತ ತಂತ್ರಾಂಶಕ್ಕೆ ಹೊರಳಿದವು. 2017ರಲ್ಲಿ ಯೋಜನೆಯ ಹೆಸರು ಕೈಟ್ ಎಂದಾಯಿತು, 2018ರಲ್ಲಿ ಪ್ರೌಢಶಾಲೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟಗಳು ಬಂದವು. ಶಾಲೆಯ ಕಂಪ್ಯೂಟರುಗಳಲ್ಲಿರುವುದು ಲಿನಕ್ಸಿನ ಮತ್ತೊಂದು ರೂಪವಾದ ಉಬುಂಟುವಿನ ಮೇಲೆ ಕಟ್ಟಿದ ಕಾರ್ಯಾಚರಣ ವ್ಯವಸ್ಥೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮದ ಮಕ್ಕಳು ಇದೇ ಪಾಠವನ್ನು ಕನ್ನಡ ಪಠ್ಯಪುಸ್ತಕದಲ್ಲಿ ಓದುತ್ತಾರೆ. ಲಿಬ್ರೆಆಫೀಸಿನಲ್ಲಿ ಬರೆಯುತ್ತಾರೆ, ಗಿಂಪ್ ಮತ್ತು ಇಂಕ್‌ಸ್ಕೇಪಿನಲ್ಲಿ ಚಿತ್ರ ಮಾಡುತ್ತಾರೆ, ಕ್ಯೂಜಿಐಎಸ್ ತೆರೆದು ನಕ್ಷೆ ಓದುತ್ತಾರೆ. ಬೆಂಗಳೂರಿನ ಎಷ್ಟೋ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇಪ್ಪತ್ತನೆಯ ವಯಸ್ಸಿನಲ್ಲಿ ಮೊದಲು ನೋಡುವ ಲಿನಕ್ಸ್ ಪರದೆಯನ್ನು ಪೆರ್ಲದ ಹುಡುಗಿ ಹೈಸ್ಕೂಲಿನಲ್ಲೇ ದಿನವೂ ನೋಡಿರುತ್ತಾಳೆ. ಎರಡು ದಶಕಗಳಿಂದ ಈ ಕೆಲಸ ನಡೆಸಿಕೊಂಡು ಬಂದ ಅಧ್ಯಾಪಕರನ್ನು ಬಳಗ ಎಂದು ಕರೆಯದೆ ಇನ್ನೇನೆಂದು ಕರೆಯುವುದು? ಇದನ್ನೇ ನಾನು ಸಮಿತಿಯ ಮುಂದೆ ಇಟ್ಟೆ.

ಸಮಿತಿ ಒಪ್ಪಿತು. ಆಮೇಲೆ ನಾವು ಆಹ್ವಾನದ ಪತ್ರವನ್ನು ತೆರೆದು ಕುಳಿತೆವು. ಹಳೆಯ ಪತ್ರ ಇಂಗ್ಲಿಷಿನಲ್ಲಿತ್ತು, ಅದರ ಪ್ರಶ್ನೆಗಳು ಪೇಟೆಯ ಗುಂಪುಗಳಿಗೆಂದೇ ಹುಟ್ಟಿದವು. ನೀವು ಈ ಹಿಂದೆ ನಡೆಸಿದ ಕಾರ್ಯಕ್ರಮಗಳು ಯಾವುವು? ನಿಮ್ಮಲ್ಲಿ ಕೋಡ್ ಬರೆದು ಕೊಡುಗೆ ನೀಡಿದವರು ಎಷ್ಟು? ಪ್ರಾಯೋಜಕರ ಜೊತೆ ಇರುವ ಸಂಪರ್ಕಗಳು ಯಾವುವು? ಇಂಥ ಪ್ರಶ್ನೆಗೆ ‘ಇಲ್ಲ’ ಎಂದು ಬರೆಯುತ್ತ ಹೋದವರು ಎರಡನೆಯ ಪುಟ ತಿರುಗಿಸುವುದಿಲ್ಲ. ನಾವು ಕನ್ನಡ ಮತ್ತು ಮಲಯಾಳಂನಲ್ಲಿ ಹೊಸ ಪತ್ರ ಬರೆದೆವು. ಅದರಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇನೆ, ಬೇರೆಯವರಿಗೂ ಉಪಯೋಗವಾಗಬಹುದು. ನಿಮ್ಮ ಊರಿನಲ್ಲಿ ಶಾಲೆಯ ಕಂಪ್ಯೂಟರ್ ಹಾಳಾದರೆ ಜನ ಯಾರನ್ನು ಕರೆಯುತ್ತಾರೆ? 150 ಜನರಿಗೆ ಎರಡು ದಿನ ಅಡುಗೆ ಮಾಡಿಸಿ ಬಡಿಸಿದ ಅನುಭವ ಯಾರಿಗಿದೆ? ಸಂಜೆ ಕೊನೆಯ ಬಸ್ಸು ಎಷ್ಟು ಗಂಟೆಗೆ? ಈ ಸಮಾವೇಶ ಮುಗಿದ ಮೇಲೆ ನಿಮ್ಮ ಊರಿನಲ್ಲಿ ಏನು ಉಳಿಯಬೇಕೆಂದು ನಿಮಗೆ ಆಸೆ ಇದೆ? ಖರ್ಚಿನ ಪಟ್ಟಿ, ಸಭಾಂಗಣದ ಅಳತೆ, ಅಂತರ್ಜಾಲದ ವೇಗ, ಇವನ್ನೂ ಬಿಡಲಿಲ್ಲ. ಅವು ಬೇಕೇ ಬೇಕು. ಅವನ್ನು ಕೊನೆಗೆ ಇಟ್ಟೆವು, ಲೆಕ್ಕ ಹಾಕಲು ನಮ್ಮವರು ನೆರವಾಗುತ್ತಾರೆ ಎಂದೂ ಬರೆದೆವು.

ಪತ್ರ ಕಳುಹಿಸಿದರೆ ಸಾಲದು ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು. ವಾಟ್ಸಾಪಿನಲ್ಲಿ ಬಂದ ಆಮಂತ್ರಣಕ್ಕೆ ನಮ್ಮೂರಿನಲ್ಲಿ ಯಾರೂ ಹೊರಡುವುದಿಲ್ಲ. ಮನೆಗೆ ಬಂದು ಹೇಳಬೇಕು. ಹಾಗಾಗಿ ರಜೆಯ ದಿನಗಳಲ್ಲಿ ನಾನು ಮತ್ತು ಸಮಿತಿಯ ಒಬ್ಬ ಮಲಯಾಳಿ ಗೆಳೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ತಿರುಗಿದೆವು. ಶಾಲೆಗಳು, ಗ್ರಂಥಾಲಯಗಳು, ಕಾಲೇಜುಗಳ ವಿದ್ಯಾರ್ಥಿ ಕೂಟಗಳು, ಹೀಗೆ.

ಕುಂಬಳೆ ಉಪಜಿಲ್ಲೆಯ ಒಂದು ಹೈಸ್ಕೂಲಿನ ಗಣಿತ ಅಧ್ಯಾಪಕಿಯ ಭೇಟಿ ನನಗೆ ತುಂಬ ಮುಖ್ಯವಾದದ್ದು. ಕಂಪ್ಯೂಟರ್ ಕೊಠಡಿಯ ಹೊಣೆಯೂ ಅವರದೇ. ವಯಸ್ಸಾದ ಲ್ಯಾಪ್‌ಟಾಪುಗಳ ಬ್ಯಾಟರಿ ತೆಗೆದು ನೇರ ವಿದ್ಯುತ್ತಿಗೆ ಜೋಡಿಸಿ ಸಾಲಾಗಿ ಇಟ್ಟಿದ್ದರು. ಒಂದರ ಕೀಲಿಮಣೆ ಹೋಗಿದ್ದರೆ ಹೊರಗಿನಿಂದ ಇನ್ನೊಂದನ್ನು ಸಿಕ್ಕಿಸಿದ್ದರು. ನಾನು ಆಹ್ವಾನದ ವಿಷಯ ಎತ್ತಿದಾಗ ಅವರು, ‘ನಾವು ಬರಿಯ ಬಳಸುವವರು. ನೀವು ಹೇಳುವ ಸಮಾವೇಶ ತಂತ್ರಾಂಶ ಮಾಡುವವರಿಗಲ್ಲವೇ?’ ಎಂದರು.

‘ಟೀಚರ್, ಮಕ್ಕಳಿಗೆ ಕನ್ನಡದಲ್ಲಿ ಬೆರಳಚ್ಚು ಹೇಗೆ ಕಲಿಸುತ್ತೀರಿ?’ ಎಂದು ಕೇಳಿದೆ.

ಅವರು ಕಪಾಟಿನಿಂದ ಒಂದು ಕಟ್ಟು ಹಾಳೆ ತೆಗೆದರು. ಕೀಲಿಮಣೆಯ ವಿನ್ಯಾಸ ಬಿಡಿಸಿ, ಒತ್ತಕ್ಷರ ಹೇಗೆ ಬರುತ್ತದೆ, ಅರ್ಕಾವತ್ತು ಹೇಗೆ ಬರುತ್ತದೆ ಎಂದು ಒಂದೊಂದಾಗಿ ಬರೆದ ಪಾಠಗಳು. ಯಾವ ಫಾಂಟಿನಲ್ಲಿ ಯಾವ ಅಕ್ಷರ ಒಡೆಯುತ್ತದೆ ಎಂಬ ಪಟ್ಟಿ. ಆ ಪಟ್ಟಿಯನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ತಂತ್ರಾಂಶ ಅಭಿವೃದ್ಧಿ ಮಾಡುವವರು ದೋಷದ ವರದಿ ಎಂದು ಕರೆದು, ಬರೆಯಿರಿ ಬರೆಯಿರಿ ಎಂದು ಬೇಡಿಕೊಳ್ಳುವುದು ಇದನ್ನೇ. ಅವರು ಅದನ್ನು ವರ್ಷಗಟ್ಟಲೆ ಬರೆದು, ಜೆರಾಕ್ಸ್ ಮಾಡಿಸಿ, ಉಪಜಿಲ್ಲೆಯ ಉಳಿದ ಕನ್ನಡ ಅಧ್ಯಾಪಕರಿಗೆ ಹಂಚಿದ್ದರು. ಸರಿಪಡಿಸುವವರ ಕೈಗೆ ಮಾತ್ರ ಅದು ತಲುಪಿರಲಿಲ್ಲ, ಏಕೆಂದರೆ ಎಲ್ಲಿಗೆ ಕಳುಹಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಮಾವೇಶ ಇಂಥವರ ಅಂಗಳಕ್ಕೇ ಹೋಗಬೇಕು ಎಂಬ ನನ್ನ ಹಟ ಗಟ್ಟಿಯಾದದ್ದು ಆ ಕೊಠಡಿಯಲ್ಲಿ.

ಎಲ್ಲ ಕಡೆ ಇಂಥ ಸ್ವಾಗತ ಸಿಗಲಿಲ್ಲ. ಒಂದು ಖಾಸಗಿ ಸಂಸ್ಥೆಯವರು ಸಭಾಂಗಣ ಕೊಡಲು ಸಿದ್ಧರಿದ್ದರು, ಆದರೆ ಹೊರಗಿನ ವಿದ್ಯಾರ್ಥಿಗಳನ್ನು ಒಳಗೆ ಬಿಡುವುದಿಲ್ಲ ಎಂದರು. ಎಲ್ಲರಿಗೂ ತೆರೆದಿರಬೇಕಾದ ಕೂಟಕ್ಕೆ ಅದು ಹೊಂದುವ ಮಾತಲ್ಲ; ಅಲ್ಲಿಂದ ಎದ್ದು ಬಂದೆವು.

ಊಟದ ವಿಷಯದಲ್ಲಿ ನಮ್ಮ ಸಮಿತಿಗೆ ಇದ್ದ ಆತಂಕ ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದಲ್ಲಿ ಕರಗಿತು. ಅಲ್ಲಿ ಸೇರಿದ್ದವರಲ್ಲಿ ಒಬ್ಬರು ಹಿರಿಯರು, ತಮ್ಮೂರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದಲ್ಲಿ ಆಹಾರ ಸಮಿತಿಯ ಸಂಚಾಲಕರಾಗಿದ್ದವರು. ಗಡಿನಾಡಿನ ಬ್ರಹ್ಮಕಲಶ ನೋಡಿದವರಿಗೆ ಗೊತ್ತು: ಸ್ವಾಗತ ಸಮಿತಿ, ಚಪ್ಪರ ಸಮಿತಿ, ಹೊರೆಕಾಣಿಕೆ ಸಮಿತಿ, ವಾಹನ ನಿಲುಗಡೆ ಸಮಿತಿ, ನೀರಿನ ಸಮಿತಿ, ಸಂಬಳವಿಲ್ಲದ ನೂರಾರು ಜನ ದಿನಗಟ್ಟಲೆ ಸಾವಿರಾರು ಜನರಿಗೆ ಎಲೆ ಹಾಕುತ್ತಾರೆ, ಒಬ್ಬರೂ ಹಸಿದು ಹೋಗುವುದಿಲ್ಲ. ಅವರು ನಮ್ಮ ಪತ್ರದ ಖರ್ಚಿನ ಪಟ್ಟಿಯನ್ನು ಕನ್ನಡಕ ಏರಿಸಿ ಓದಿದರು.

‘ನೂರೈವತ್ತು ಜನರಿಗೆ ಇಷ್ಟು ಹಣ ಯಾಕೆ ಮಗಳೇ?’

‘ಕೇಟರಿಂಗಿನವರ ದರ ಅಣ್ಣ.’

‘ತೆಂಗಿನಕಾಯಿ, ಬಾಳೆಎಲೆ, ತರಕಾರಿ ಊರಿನವರು ತರುತ್ತಾರೆ. ಅಡುಗೆಯವರಿಗೆ ಕೂಲಿ, ಅಕ್ಕಿ, ಗ್ಯಾಸು, ಇಷ್ಟು ಬರೆಯಿರಿ. ಮೀನು ಬೇಕೆನ್ನುವವರಿಗೆ ಬೇರೆ ಪಂಕ್ತಿ ಮಾಡುವ, ಅದಕ್ಕೆ ಹೊಸಂಗಡಿಯಿಂದ ಜನ ಇದ್ದಾರೆ.’

ನಮ್ಮ ಪ್ರಸ್ತಾವದ ನಮೂನೆಯಲ್ಲಿ ಪ್ರಾಯೋಜಕರು ಕೊಡುವ ಹಣಕ್ಕೆ ಅಂಕಣವಿತ್ತು, ಊರು ತರುವ ತೆಂಗಿನಕಾಯಿಗೆ ಇರಲಿಲ್ಲ. ಆ ರಾತ್ರಿಯೇ ನಮೂನೆಗೆ ‘ಹೊರೆಕಾಣಿಕೆ’ ಎಂಬ ಸಾಲು ಸೇರಿಸಿ ಎಲ್ಲ ಬಳಗಗಳಿಗೂ ಮತ್ತೆ ಕಳುಹಿಸಿದೆವು. ಸಮಿತಿಯ ಗೆಳೆಯರು ಈ ಸಾಲನ್ನು ಇನ್ನು ಮುಂದೆ ತೆಗೆಯಬಾರದು ಎಂದು ಸಭೆಯ ನಡಾವಳಿಯಲ್ಲಿ ಬರೆಸಿದರು.

ಹಣದ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಮುಕ್ತ ತಂತ್ರಾಂಶಕ್ಕೆ ನೆರವಾಗುವ ಪ್ರತಿಷ್ಠಾನಗಳಲ್ಲಿ ಹೆಚ್ಚಿನವು ವಿದೇಶದವು. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದ ಸಂಘ ಅಂಥ ದೇಣಿಗೆ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ, ನೋಂದಣಿ ಇರುವ ಸಂಸ್ಥೆ ತಾನು ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ಒಂದು ಹಳ್ಳಿಯ ಗ್ರಂಥಾಲಯ ಗೊತ್ತಿಲ್ಲದೆ ಇಂಥ ಹಣ ಪಡೆದರೆ ಅದರ ತಲೆನೋವು ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ನಾವು ಮೊದಲೇ ಸ್ಪಷ್ಟ ಮಾಡಿದೆವು: ಭಾರತದೊಳಗಿನ ಹಣ ಮಾತ್ರ, ಅದೂ ಬ್ಯಾಂಕಿನ ಮೂಲಕವೇ, ಲೆಕ್ಕ ಎಲ್ಲರಿಗೂ ಕಾಣುವಂತೆ. ಬದಿಯಡ್ಕದ ಹತ್ತಿರದ ಆ ಗ್ರಂಥಾಲಯಕ್ಕೆ ನೋಂದಣಿ ಇತ್ತು, ಪ್ಯಾನ್ ಇತ್ತು, ವರ್ಷವರ್ಷ ಲೆಕ್ಕಪರಿಶೋಧನೆ ಆಗುತ್ತಿತ್ತು. ನಾವು ಭೇಟಿಯಾದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೂಟಕ್ಕೆ ಇದು ಯಾವುದೂ ಇರಲಿಲ್ಲ. ಮುಂದೆ ಎರಡು ಗುಂಪುಗಳು ಹತ್ತಿರ ಬರಲು ಇದೂ ಒಂದು ಕಾರಣವಾಯಿತು.

ಗಡುವಿನೊಳಗೆ ಕಾಸರಗೋಡಿನಿಂದ ಎರಡು ಪ್ರಸ್ತಾವಗಳು ಬಂದವು. ಒಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳದು: ಒಳ್ಳೆಯ ಪ್ರಯೋಗಾಲಯ, ಚುರುಕು ಹುಡುಗರು, ಹುಡುಗಿಯರು, ಅಚ್ಚುಕಟ್ಟಾದ ವೇಳಾಪಟ್ಟಿ. ಇನ್ನೊಂದು ಅಧ್ಯಾಪಕರು ಮತ್ತು ಗ್ರಂಥಾಲಯದವರು ಸೇರಿ ಬರೆದದ್ದು, ಪೂರ್ತಿ ಕನ್ನಡದಲ್ಲಿ. ‘ಸಮಾವೇಶ ಮುಗಿದ ಮೇಲೆ ಏನು ಉಳಿಯಬೇಕು?’ ಎಂಬ ಪ್ರಶ್ನೆಗೆ ಅವರು ಬರೆದದ್ದು: ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ ಕಂಪ್ಯೂಟರ್ ರಿಪೇರಿಯ ಕೂಟ, ಕನ್ನಡ ಮಾಧ್ಯಮದ ಪ್ರತಿ ಶಾಲೆಯಿಂದ ದೋಷದ ವರದಿ ಬರೆಯಬಲ್ಲ ಒಬ್ಬರು. ಬೇರೆ ಊರುಗಳ ಪ್ರಸ್ತಾವಗಳೂ ಇದ್ದವು, ಅವುಗಳಲ್ಲಿ ಒಂದಂತೂ ಬಹಳ ಬಲವಾಗಿತ್ತು. ಕಾಸರಗೋಡು ನನ್ನ ಊರಾದ್ದರಿಂದ ಅಂಕ ಹಾಕುವ ಸಭೆಯಲ್ಲಿ ನಾನು ಕೂರಲಿಲ್ಲ. ನಮ್ಮ ನಿಯಮವೂ ಅದೇ. ಇಂಥ ಸಮಾವೇಶ ನಡೆಸುವ ಯಾರೇ ಆಗಲಿ ಈ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಸ್ಥಳ ನೋಡಲು ಸಮಿತಿಯವರು ಬಂದದ್ದು ಆಟಿ ತಿಂಗಳ ಮಳೆಯಲ್ಲಿ. ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ಇದು. ಮಳೆಗಾಲದಲ್ಲೇ ನೋಡಿದ್ದು ಒಳ್ಳೆಯದಾಯಿತು. ಕರೆಂಟು ಹೋದಾಗ ಜನರೇಟರು ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಮಾಡು ಸೋರುತ್ತದೆಯೇ, ಗಾಲಿಕುರ್ಚಿ ವೇದಿಕೆ ಏರಬಲ್ಲುದೇ, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ, ಎಲ್ಲವನ್ನೂ ನೋಡಿದರು. ಅಂತರ್ಜಾಲಕ್ಕೆ ಬಿಎಸ್‌ಎನ್‌ಎಲ್ ಫೈಬರ್ ಒಂದು, ಕೇರಳ ಸರಕಾರ 2023ರಲ್ಲಿ ಉದ್ಘಾಟಿಸಿದ ಕೆ-ಫೋನ್ ಜಾಲದ ಸಂಪರ್ಕ ಇನ್ನೊಂದು. ಒಂದು ಕೈಕೊಟ್ಟರೆ ಇನ್ನೊಂದು. ದೂರದಿಂದ ಬರುವವರಿಗೆ ಮಂಗಳೂರು ವಿಮಾನ ನಿಲ್ದಾಣ ಉತ್ತರಕ್ಕೆ, 2018ರಲ್ಲಿ ತೆರೆದ ಕಣ್ಣೂರು ನಿಲ್ದಾಣ ದಕ್ಷಿಣಕ್ಕೆ. ರೈಲಿಗಂತೂ ಕೊರತೆಯಿಲ್ಲ. ಕಷ್ಟ ಇದ್ದದ್ದು ಕಾಸರಗೋಡು ಪೇಟೆಯಿಂದ ಒಳನಾಡಿಗೆ ಹೋಗುವ ಸಂಜೆಯ ಬಸ್ಸುಗಳದು. ಇಲ್ಲಿ ಹೆಣ್ಣುಮಕ್ಕಳ ಪರವಾಗಿ ನಾನು ಜೋರಾಗಿಯೇ ಮಾತಾಡಿದೆ: ಕಾರ್ಯಕ್ರಮ ಸಂಜೆ ಐದಕ್ಕೆ ಮುಗಿಯಬೇಕು, ಆಮೇಲಿನ ಹರಟೆ ಉಳಿದುಕೊಳ್ಳುವವರಿಗೆ ಮಾತ್ರ. ಎಂಟರವರೆಗೆ ನಡೆಯುವ ಸಮಾವೇಶದಲ್ಲಿ ಹಳ್ಳಿಯ ಹುಡುಗಿಯರು ಮಧ್ಯಾಹ್ನವೇ ಎದ್ದು ಹೋಗುವುದನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಎರಡು ಶಾಲಾ ವಾಹನಗಳನ್ನು ಪೇಟೆಗೆ ಓಡಿಸುವುದೆಂದೂ ಒಪ್ಪಿಗೆಯಾಯಿತು.

ನಡತೆಯ ನಿಯಮಾವಳಿಯನ್ನು ಕನ್ನಡದಲ್ಲಿ ಓದಿ ಹೇಳಿದ್ದು ಅದೇ ದಿನ. ಯಾರನ್ನೂ ಹೀಗಳೆಯಬಾರದು, ಒಪ್ಪಿಗೆಯಿಲ್ಲದೆ ಫೋಟೊ ತೆಗೆಯಬಾರದು, ದೂರು ಬಂದರೆ ಯಾರು ಕೇಳುತ್ತಾರೆ, ಏನು ಮಾಡುತ್ತಾರೆ. ವಿದ್ಯಾರ್ಥಿನಿಯೊಬ್ಬಳ ತಂದೆ ಕೊನೆಯ ಸಾಲಿನಲ್ಲಿ ಕುಳಿತು ಕೇಳುತ್ತಿದ್ದರು. ದೂರು ಸ್ವೀಕರಿಸುವ ಇಬ್ಬರಲ್ಲಿ ಒಬ್ಬರು ಊರಿನ ಟೀಚರೇ ಎಂದು ತಿಳಿದ ಮೇಲೆ, ಮಗಳ ಹೆಸರನ್ನು ಸ್ವಯಂಸೇವಕರ ಪಟ್ಟಿಯಲ್ಲಿ ತಾವೇ ಬರೆಸಿದರು.

ದಿನಾಂಕಕ್ಕೆ ಬಂದಾಗ ಪಂಚಾಂಗವೂ ಮೇಜಿನ ಮೇಲೆ ಬಂತು. ಜನವರಿಯಲ್ಲಿ ಶಾಲಾ ಕಲೋತ್ಸವದ ಗಡಿಬಿಡಿ, ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ, ಆಮೇಲೆ ಜಾತ್ರೆಗಳು, ಜಾತ್ರೆಗಳ ಕಾಲ ಮುಗಿಯುವ ಪತ್ತನಾಜೆ ಕಳೆದರೆ ಮಳೆ. ಡಿಸೆಂಬರಿನ ಕೊನೆಯಲ್ಲಿ ಕೇರಳದ ಶಾಲೆಗಳಿಗೆ ಕ್ರಿಸ್ಮಸ್ ರಜೆ, ಅಧ್ಯಾಪಕರು ಬಿಡುವಾಗಿರುತ್ತಾರೆ. ಜೊತೆಗೆ ಅದು ಧನುರ್ಮಾಸ. ಮದುವೆಯ ಮುಹೂರ್ತಗಳು ಕಡಿಮೆ, ಸಭಾಭವನಗಳು ಸಿಗುತ್ತವೆ. ಮಂಗಳೂರಿನ ವಿದ್ಯಾರ್ಥಿಗಳಿಗೆ ಪರೀಕ್ಷೆಯ ತೊಂದರೆ ಇರಬಹುದೆಂದು ಒಂದಷ್ಟು ಚರ್ಚೆಯಾಗಿ, ಕೊನೆಗೆ ರಜೆಯ ಮೊದಲ ಶನಿವಾರ ಮತ್ತು ಭಾನುವಾರ ಎಂದು ನಿಂತಿತು.

ಭಾಷೆಯ ಪ್ರಶ್ನೆ ಇಷ್ಟು ಬೇಗ ಮುಗಿಯುವಂಥದ್ದಲ್ಲ. ಮಲಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಬೆರೆತ ಸಪ್ತಭಾಷೆಗಳ ನಾಡು ಇದು. ಇಂಗ್ಲಿಷ್ ಒಂದೇ ಇರಲಿ, ಎಲ್ಲರಿಗೂ ಸಮಾನವಾಗಿರುತ್ತದೆ ಎಂದು ಕೆಲವರು ವಾದಿಸಿದರು. ನಾನು ಒಪ್ಪಲಿಲ್ಲ, ಟೀಚರೂ ಒಪ್ಪಲಿಲ್ಲ. ವರ್ಷಗಟ್ಟಲೆ ಕನ್ನಡದಲ್ಲಿ ಪಾಠ ಮಾಡಿದವರು ತಮ್ಮ ಅನುಭವವನ್ನು ಇಂಗ್ಲಿಷಿನಲ್ಲಿ ಹೇಳಬೇಕೆಂದರೆ ವೇದಿಕೆಯನ್ನೇ ಏರುವುದಿಲ್ಲ. ಮಾತಾಡುವವರು ತಮಗೆ ಬೇಕಾದ ಭಾಷೆಯಲ್ಲಿ ಮಾತಾಡಲಿ, ಪರದೆಯ ಮೇಲಿನ ಬರಹ ಇನ್ನೊಂದು ಭಾಷೆಯಲ್ಲಿರಲಿ, ಪಕ್ಕದಲ್ಲಿ ಒಬ್ಬರು ಸಾರಾಂಶ ಟೈಪಿಸುತ್ತಿರಲಿ ಎಂದು ತೀರ್ಮಾನವಾಯಿತು. ಇದಕ್ಕೆ ಶ್ರಮ ಹೆಚ್ಚು. ಆ ಶ್ರಮ ಮಾಡಲೇಬೇಕು.

ಇಲ್ಲಿನ ವಿಷಯಗಳೂ ಭಾಷೆಯಿಂದಲೇ ಹುಟ್ಟುತ್ತವೆ. ಯಾರು ಬೇಕಾದರೂ ತಿದ್ದಬಹುದಾದ ಜಾಲದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದೇ ಊರಿಗೆ ಬೇರೆ ಬೇರೆ ಭಾಷೆಯ ಹೆಸರುಗಳನ್ನು ಬೇರೆ ಬೇರೆ ಅಂಕಣಗಳಲ್ಲಿ ದಾಖಲಿಸಬಹುದು. ಮಂಜೇಶ್ವರ, ಮಂಜೇಶ್ವರಂ ಎರಡೂ ಒಂದೇ ಬಿಂದುವಿನ ಮೇಲೆ ಒಂದನ್ನೊಂದು ಅಳಿಸದೆ ನಿಲ್ಲುತ್ತವೆ. ತುಳು ಹೆಸರಿಗೂ ಜಾಗವಿದೆ. ಊರಿನ ಹೆಸರು ನಕ್ಷೆಯಲ್ಲಿ ಬದಲಾದಾಗ ಗಡಿನಾಡಿನ ಕನ್ನಡಿಗರಿಗೆ ಆಗುವ ನೋವು ನನಗೆ ಗೊತ್ತು. ಆ ನೋವಿಗೆ ಕೈಯಿಂದ ಮಾಡಬಹುದಾದ ಒಂದು ಕೆಲಸ ಇದು. 2024ರ ಸೆಪ್ಟೆಂಬರಿನಲ್ಲಿ ಜಗತ್ತಿನ ಲಿಪಿಗಳಿಗೆ ಕಂಪ್ಯೂಟರಿನ ಸಂಕೇತ ಗೊತ್ತುಮಾಡುವ ಯುನಿಕೋಡಿನ 16.0 ಆವೃತ್ತಿಯ ಜೊತೆ, ಹಳೆಯ ತಾಳೆಗರಿಗಳಲ್ಲಿ ಕಾಣುವ ತುಳು-ತಿಗಳಾರಿ ಲಿಪಿಗೆ ಸಂಕೇತಗಳು ಸಿಕ್ಕಿವೆ. ಫಾಂಟು, ಕೀಲಿಮಣೆ ಮುಂದಿನ ಕೆಲಸ. ಮನೆಯ ಅಟ್ಟದಲ್ಲಿ ತಾಳೆಗರಿ ಇಟ್ಟುಕೊಂಡಿರುವವರು ಮತ್ತು ಫಾಂಟು ಮಾಡಬಲ್ಲವರು ಒಂದೇ ಕೋಣೆಯಲ್ಲಿ ಕೂರಲು ಕಾಸರಗೋಡಿಗಿಂತ ಒಳ್ಳೆಯ ಊರು ಯಾವುದಿದೆ?

ತೀರ್ಪು ಬಂದಾಗ ಅದರಲ್ಲಿ ಒಂದು ಷರತ್ತಿತ್ತು. ಸಮಾವೇಶ ಕಾಸರಗೋಡಿಗೆ, ಎರಡು ಬಳಗಗಳು ಒಟ್ಟಾಗಿ ನಡೆಸುವುದಾದರೆ. ವಿದ್ಯಾರ್ಥಿಗಳಿಗೆ ಮೊದಲು ಸ್ವಲ್ಪ ಬೇಸರವಾಯಿತು. ಅವರ ಪ್ರಸ್ತಾವ ತಾನಾಗಿಯೇ ನಿಲ್ಲುವಂಥದ್ದು, ಬೇಸರ ಸಹಜ. ಗ್ರಂಥಾಲಯದ ಹಿರಿಯರೇ ಅವರಿದ್ದಲ್ಲಿಗೆ ಹೋದರು. ‘ಅಡುಗೆ, ಚಪ್ಪರ, ಲೆಕ್ಕ ನಮ್ಮದು. ಕಂಪ್ಯೂಟರು, ಜಾಲ, ಕಾರ್ಯಾಗಾರ ನಿಮ್ಮದು. ನಮಗೆ ನಿಮ್ಮ ವಿದ್ಯೆ ಬೇಕು,’ ಎಂದರಂತೆ. ವಾರದೊಳಗೆ ಇಬ್ಬರ ಹೆಸರಿನಲ್ಲೂ ಒಪ್ಪಿಗೆಯ ಪತ್ರ ಬಂತು, ಕನ್ನಡದಲ್ಲೂ ಮಲಯಾಳಂನಲ್ಲೂ.

ಈಗ ಸಮಿತಿಗಳು ಕೆಲಸ ಶುರುಮಾಡಿವೆ. ಟೀಚರ ಫಾಂಟುಗಳ ಪಟ್ಟಿಯನ್ನು ವಿದ್ಯಾರ್ಥಿಗಳು ಒಂದೊಂದಾಗಿ ಪರೀಕ್ಷಿಸಿ ಆಯಾ ಯೋಜನೆಗಳಿಗೆ ಕಳುಹಿಸುತ್ತಿದ್ದಾರೆ. ಸಮಾವೇಶದ ಮೊದಲೇ ಆಗುವ ಕೆಲಸ ಇದು. ಮುಂದಿನ ವರ್ಷದ ಆಹ್ವಾನದ ಕರಡೂ ಸಿದ್ಧವಾಗುತ್ತಿದೆ. ತಾಳವಾಡಿ, ಹೊಸೂರು, ಮಡಕಶಿರ, ಆದವಾನಿ, ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡಿಗರು ಇದನ್ನು ಓದುತ್ತಿದ್ದರೆ, ನಿಮ್ಮ ಊರಿನಲ್ಲಿ ಶಾಲೆಯ ಕಂಪ್ಯೂಟರನ್ನು ರಿಪೇರಿ ಮಾಡುವವರನ್ನು, ಗ್ರಂಥಾಲಯ ನಡೆಸುವವರನ್ನು, ಊರಿನ ಊಟದ ಹೊಣೆ ಹೊರುವವರನ್ನು ಒಮ್ಮೆ ಒಟ್ಟಿಗೆ ಕೂರಿಸಿ. ನೋಂದಣಿ ಇರುವ ಒಂದು ಸಂಘ ಜೊತೆಗಿರಲಿ, ಕೊನೆಯ ಬಸ್ಸಿನ ಸಮಯ ಬರೆದಿಟ್ಟುಕೊಳ್ಳಿ. ಪ್ರಸ್ತಾವವನ್ನು ಕನ್ನಡದಲ್ಲೇ ಬರೆಯಿರಿ, ಓದುವವರು ನಾವಿದ್ದೇವೆ.